ಸಾವಿರ ಪ್ರತಿಗೂ ಬರೆಯುವ ಕೈ ಬೇಕು

ಸುರೇಬಾನ ರಾಮದುರ್ಗ ತಾಲ್ಲೂಕಿನ ಊರು. ಶಬರಿಕೊಳ್ಳಕ್ಕೂ ಕೈಮಗ್ಗಕ್ಕೂ ಹೆಸರಾದದ್ದು. ಕನ್ನಡ ಗ್ರಂಥಗಳ ಚರಿತ್ರೆಯಲ್ಲಿ ಈ ಊರಿನ ಹೆಸರು ಬರುವುದಿಲ್ಲ, ಆದರೆ ಅದರ ಸುತ್ತಲಿನ ಸೀಮೆಯನ್ನು ಬಿಟ್ಟು ಆ ಚರಿತ್ರೆಯನ್ನು ಬರೆಯಲಾಗದು. ಉತ್ತರಕ್ಕೆ ಮುಧೋಳ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನ ಊರು. ಪಶ್ಚಿಮಕ್ಕೆ ಸವದತ್ತಿ, ರಟ್ಟರ ಆಸ್ಥಾನದಲ್ಲಿದ್ದ ಪಾರ್ಶ್ವಪಂಡಿತ 1222ರ ಸುಮಾರಿಗೆ ಪಾರ್ಶ್ವನಾಥ ಪುರಾಣವನ್ನು ಬರೆದದ್ದು ಅಲ್ಲಿ. ಆಗ್ನೇಯಕ್ಕೆ ಸಾಗಿದರೆ ಲಕ್ಕುಂಡಿ, ಅತ್ತಿಮಬ್ಬೆ ಬ್ರಹ್ಮಜಿನಾಲಯ ಕಟ್ಟಿಸಿ 1007ರ ಶಾಸನದಲ್ಲಿ ತನ್ನ ಕೀರ್ತಿಯನ್ನು ಉಳಿಸಿಹೋದ ಜಾಗ. ಕೃಷ್ಣೆಯ ಕಡೆಗೆ ಇನ್ನೂ ಮೇಲೆ ಹೋದರೆ ನೇಕಾರರದೇ ಊರುಗಳಾದ ರಬಕವಿ, ಬನಹಟ್ಟಿ, ಫ. ಗು. ಹಳಕಟ್ಟಿಯವರ ಕಣ್ಣಿಗೆ ವಚನಗಳ ತಾಡೋಲೆ ಕಟ್ಟುಗಳು ಬಿದ್ದದ್ದು ಆ ಕಡೆಯ ಮನೆಯೊಂದರಲ್ಲಿ. ಒಂದು ಬರಹ ಯಾಕೆ ಉಳಿಯುತ್ತದೆ, ಇನ್ನೊಂದು ಯಾಕೆ ಅಳಿಯುತ್ತದೆ ಎಂಬ ಪ್ರಶ್ನೆಗೆ ಸಾವಿರ ವರ್ಷದ ಸಾಕ್ಷ್ಯ ಈ ನಾಲ್ಕಾರು ಊರುಗಳ ನಡುವೆ ಹರಡಿಕೊಂಡಿದೆ. 2024ರ ಕೊನೆಗೆ ಮೊಬೈಲ್ ಫೋನಿನಿಂದ ಮರೆಯಾದ ಒಂದು ಮುಕ್ತ ತಂತ್ರಾಂಶದ ಕತೆಯನ್ನು ನಾನು ಆ ಸಾಕ್ಷ್ಯದ ಪಕ್ಕದಲ್ಲಿಟ್ಟು ನೋಡುತ್ತಿದ್ದೇನೆ. ಎರಡೂ ಪ್ರತಿ ಮಾಡುವ ಕೆಲಸದ ಕತೆಗಳು, ಎರಡರಲ್ಲೂ ಸೋಲು ಬರುವುದು ಒಂದೇ ದಾರಿಯಿಂದ.

ಆ ತಂತ್ರಾಂಶದ ಹೆಸರು ಸಿಂಕ್‌ಥಿಂಗ್. ಸ್ವೀಡನ್ನಿನ ಜೇಕಬ್ ಬೋರ್ಗ್ 2013ರ ಕೊನೆಯಲ್ಲಿ ಅದನ್ನು ಹೊರತಂದರು. ಅದರ ಕೆಲಸ ಹೇಳಲು ಸರಳ: ನಿಮ್ಮ ಫೋನಿನಲ್ಲಿರುವ ಒಂದು ಫೋಲ್ಡರೂ ಮನೆಯ ಕಂಪ್ಯೂಟರಿನಲ್ಲಿರುವ ಫೋಲ್ಡರೂ ಸದಾ ಒಂದೇ ಆಗಿರುವಂತೆ ನೋಡಿಕೊಳ್ಳುವುದು. ಕಡತವನ್ನು ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ಒಂದು ಗಣಿತದ ಗುರುತು ಕೊಟ್ಟು, ಎರಡೂ ಕಡೆಯ ಗುರುತುಗಳನ್ನು ಹೋಲಿಸಿ, ಬದಲಾದ ತುಂಡನ್ನಷ್ಟೇ ಕಳಿಸುತ್ತದೆ. ನಡುವೆ ಯಾವ ಕಂಪನಿಯ ಉಗ್ರಾಣವೂ ಇಲ್ಲ. ಎರಡು ಸಾಧನಗಳು ಒಂದನ್ನೊಂದು ಗುರುತಿಸಿಕೊಂಡು ಗುಪ್ತಲಿಪಿಯಲ್ಲಿ ನೇರವಾಗಿ ಮಾತಾಡುತ್ತವೆ. ಯಾವುದೂ ಯಜಮಾನ ಅಲ್ಲ, ಯಾವುದೂ ಆಳು ಅಲ್ಲ. ಒಂದೇ ಕಡತವನ್ನು ಎರಡೂ ಕಡೆ ಬೇರೆ ಬೇರೆಯಾಗಿ ತಿದ್ದಿದ್ದರೆ ಒಂದನ್ನು ಅಳಿಸಿಹಾಕದೆ ಎರಡನ್ನೂ ಉಳಿಸಿ, ಇಲ್ಲಿ ತಕರಾರಿದೆ ಎಂದು ಹೆಸರಿನಲ್ಲೇ ಗುರುತು ಹಾಕುತ್ತದೆ. ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದವರು ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟು ನಿರ್ಣಯವನ್ನು ಓದುಗನಿಗೂ ಬಿಟ್ಟ ಪ್ರಾಮಾಣಿಕತೆ ಇದರಲ್ಲೂ ಇದೆ. ಇದರ ಮೂಲ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆಂಡ್ರಾಯ್ಡ್ ಫೋನಿಗೆ ಬೇಕಾದ ಆ್ಯಪನ್ನು ಬೇರೆ ಸ್ವಯಂಸೇವಕರು ಕಟ್ಟಿ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುತ್ತ ವರ್ಷಗಟ್ಟಲೆ ನಡೆಸಿದರು.

2024ರ ಅಕ್ಟೋಬರಿನಲ್ಲಿ ಆ ಆಂಡ್ರಾಯ್ಡ್ ಆ್ಯಪಿನ ಉಸ್ತುವಾರಿ ಹೊತ್ತಿದ್ದವರು ಕೆಲಸ ನಿಲ್ಲಿಸುವುದಾಗಿ ತಿಳಿಸಿದರು. ಅದೇ ಡಿಸೆಂಬರಿನಲ್ಲಿ ಕೊನೆಯ ಆವೃತ್ತಿ ಬಂತು, ಕೋಡಿನ ಭಂಡಾರಕ್ಕೆ ಬೀಗ ಬಿತ್ತು. ಅವರು ಕೊಟ್ಟ ಕಾರಣ ಎರಡು. ಗೂಗಲ್‌ನ ಪ್ಲೇ ಸ್ಟೋರಿನಲ್ಲಿ ಆ್ಯಪ್ ಪ್ರಕಟಿಸುವುದು ಕಷ್ಟದಿಂದ ಅಸಾಧ್ಯದ ಕಡೆಗೆ ಸರಿದಿತ್ತು; ಜೊತೆಗೆ ಆ್ಯಪನ್ನು ಮುಂದುವರಿಸುವ ದುಡಿಮೆಯೇ ಬಹುಕಾಲದಿಂದ ನಿಂತುಹೋಗಿತ್ತು. ಮೊದಲನೆಯದಕ್ಕೆ ಹಿನ್ನೆಲೆ ಇದೆ. 2020ರಲ್ಲಿ ಬಂದ ಆಂಡ್ರಾಯ್ಡ್ 11ರಿಂದ ಫೋನಿನ ಎಲ್ಲ ಕಡತಗಳನ್ನು ಮುಟ್ಟಬೇಕಾದ ಆ್ಯಪ್ ವಿಶೇಷ ಪರವಾನಗಿ ಪಡೆಯಬೇಕು. ಪ್ಲೇ ಸ್ಟೋರಿಗೆ ಹೋಗುವಾಗ ಅದು ಯಾಕೆ ಬೇಕೆಂದು ಅರ್ಜಿ ಕೊಟ್ಟು ಒಪ್ಪಿಸಬೇಕು. ಇದರ ಮೇಲೆ ಆಂಡ್ರಾಯ್ಡಿನ ಇತ್ತೀಚಿನ ಆವೃತ್ತಿಗೆ ಹೊಂದುವಂತೆ ಆ್ಯಪನ್ನು ವರ್ಷವರ್ಷವೂ ತಿದ್ದಬೇಕೆಂಬ ನಿಯಮ. ದೊಡ್ಡ ಕಂಪನಿಗೆ ಇದು ಒಂದು ವಿಭಾಗದ ಕೆಲಸ. ಸಂಜೆ ಬಿಡುವಿನಲ್ಲಿ ಕೂತು ಕೋಡ್ ಬರೆಯುವ ಒಬ್ಬರಿಗೆ ಇದು ಮುಗಿಯದ ಕಂದಾಯ. ಗೂಗಲ್‌ನ ನಿಯಮಕ್ಕೆ ಅರ್ಥವಿಲ್ಲ ಎನ್ನಲಾರೆ. ಎಲ್ಲ ಕಡತಗಳನ್ನೂ ಓದಬಲ್ಲ ಆ್ಯಪ್ ಕಳ್ಳರ ಕೈಗೆ ಸಿಕ್ಕರೆ ಆಗುವ ಅನಾಹುತ ಸಣ್ಣದಲ್ಲ, ಮತ್ತು ಅದಕ್ಕೆ ಬಲಿಯಾಗುವವರಲ್ಲಿ ನಮ್ಮ ಹಳ್ಳಿಗಳ ಜನವೂ ಇರುತ್ತಾರೆ. ಆದರೆ ಆ ನಿಯಮದ ಭಾರ ಎಲ್ಲರ ಮೇಲೂ ಒಂದೇ ಅಳತೆಯಲ್ಲಿ ಬಿದ್ದಾಗ, ಕುಸಿಯುವವರು ಸಂಬಳವಿಲ್ಲದೆ ದುಡಿಯುವವರು.

ನನ್ನ ವಾದ ಇಷ್ಟು. ಸಿಂಕ್‌ಥಿಂಗ್ ಆ್ಯಪಿನ ಕೋಡಿನಲ್ಲಿ ಒಂದು ಅಕ್ಷರವೂ ಕಳೆದುಹೋಗಲಿಲ್ಲ. ಅದನ್ನು ಬಳಸುವ ಹಕ್ಕನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಜಗತ್ತಿನಾದ್ಯಂತ ಅದರ ಅಸಂಖ್ಯ ಪ್ರತಿಗಳಿದ್ದವು. ಹಾಗಿದ್ದೂ ಅದು ಹೋಯಿತು. ಅಂದಮೇಲೆ ಮುಕ್ತವಾಗಿರುವುದೂ ಪ್ರತಿಗಳು ಹೇರಳವಾಗಿರುವುದೂ ಒಂದು ವಸ್ತುವನ್ನು ಉಳಿಸಲು ಸಾಲವು; ಅದನ್ನು ಮತ್ತೆ ಮತ್ತೆ ಹೊಸದಾಗಿಸುವ ಕೆಲಸ ಯಾರದೋ ಕರ್ತವ್ಯವಾಗಿ, ಆ ಕರ್ತವ್ಯಕ್ಕೆ ಸಮಾಜದಲ್ಲಿ ಒಂದು ನೆಲೆ ಇರಬೇಕು. ಮಗ್ಗದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀರೆಯ ದಡಿಯ ವಿನ್ಯಾಸ ಓಣಿಯ ಎಲ್ಲರಿಗೂ ಗೊತ್ತಿರಬಹುದು, ಯಾರು ನೇಯ್ದರೂ ಬೇಡ ಎನ್ನುವವರಿಲ್ಲದಿರಬಹುದು, ಆದರೂ ಕುಣಿಯಲ್ಲಿ ಕೂತು ಲಾಳಿ ಎಸೆಯುವವರು ಇಲ್ಲವಾದ ದಿನ ಆ ದಡಿ ಇಲ್ಲ. ಕನ್ನಡ ಓಲೆಗರಿಗಳ ಚರಿತ್ರೆ ಇದನ್ನು ಹೆಚ್ಚು ನಿಖರವಾಗಿ ತೋರಿಸುತ್ತದೆ, ಏಕೆಂದರೆ ಅಲ್ಲಿ ಉಳಿದದ್ದನ್ನೂ ಅಳಿದದ್ದನ್ನೂ ಹೆಸರು ಹಿಡಿದು ಹೋಲಿಸಬಹುದು.

ಪೊನ್ನನನ್ನು ತೆಗೆದುಕೊಳ್ಳಿ. ಹತ್ತನೆಯ ಶತಮಾನದ ಈ ಕವಿ ಶಾಂತಿಪುರಾಣವನ್ನು ಬರೆದ, ಭುವನೈಕರಾಮಾಭ್ಯುದಯವನ್ನೂ ಬರೆದ. ಕವಿ ಒಬ್ಬನೇ, ಕಾಲ ಒಂದೇ, ಪ್ರತಿಭೆಯೂ ಒಂದೇ. ಶಾಂತಿಪುರಾಣ ನಮ್ಮ ಕೈಯಲ್ಲಿದೆ, ಭುವನೈಕರಾಮಾಭ್ಯುದಯ ಇಲ್ಲ. ಶಾಂತಿಪುರಾಣವನ್ನು ಬರೆಸಿದವರು ಮಲ್ಲಪ, ಪುನ್ನಮಯ್ಯ ಎಂಬ ಅಣ್ಣತಮ್ಮಂದಿರು. ಮಲ್ಲಪನ ಮಗಳು ಅತ್ತಿಮಬ್ಬೆ. ಆಕೆ ಆ ಕಾವ್ಯದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯ ಚರಿತ್ರೆ ಓದಿದ ಎಲ್ಲರಿಗೂ ಗೊತ್ತು. ಸಾವಿರ ಎಂಬುದು ಕವಿಗಳ ದುಂಡು ಸಂಖ್ಯೆ ಇರಬಹುದು. ನೂರೇ ಇದ್ದರೂ ಅದು ಅಪಾರ ಕೆಲಸ. ತಾಳೆಯ ಗರಿಯನ್ನು ಹದಗೊಳಿಸಿ, ಒಂದೇ ಅಳತೆಗೆ ಕತ್ತರಿಸಿ, ತೂತು ಕೊರೆದು, ಕಂಠವೆಂಬ ಲೇಖನಿಯಿಂದ ಒಂದೊಂದೇ ಅಕ್ಷರ ಗೀರಿ, ಮಸಿ ತುಂಬಿ ಒರೆಸಿ, ಹಲಗೆಗಳ ನಡುವೆ ದಾರ ಪೋಣಿಸಿ ಕಟ್ಟಬೇಕು. ಒಂದು ಪುರಾಣಕ್ಕೆ ಒಬ್ಬ ಲಿಪಿಕಾರನ ತಿಂಗಳುಗಳೇ ಬೇಕು. ಅತ್ತಿಮಬ್ಬೆ ಕಾವ್ಯ ಬರೆಯಲಿಲ್ಲ, ಕಂಠ ಹಿಡಿಯಲಿಲ್ಲ. ಆಕೆ ಮಾಡಿದ್ದು ಬರೆಯುವ ಕೈಗಳಿಗೆ ಅನ್ನ ಹಾಕಿದ್ದು. ರನ್ನನಿಂದ 993ರಲ್ಲಿ ಅಜಿತಪುರಾಣ ಬರೆಸಿದ್ದೂ ಆಕೆಯೇ. ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ನಮ್ಮ ಹವೆಯಲ್ಲಿ ಓಲೆ ಕೆಲವು ಶತಮಾನ ಬಾಳಿದರೆ ಹೆಚ್ಚು; ಹುಳು, ತೇವ, ಬೆಂಕಿ ಕಾದೇ ಇರುತ್ತವೆ. ಆದ್ದರಿಂದ ಇಂದು ನಾವು ಓದುವ ಶಾಂತಿಪುರಾಣ ಅತ್ತಿಮಬ್ಬೆ ಕೊಟ್ಟ ಓಲೆಗಳ ಮೇಲಿನದಲ್ಲ, ಅವುಗಳ ಪ್ರತಿಗಳ ಪ್ರತಿಗಳ ಮೇಲಿನದು. ಆಕೆಯ ದಾನಕ್ಕೆ ಬೆಲೆ ಬಂದದ್ದು, ಆಮೇಲೆ ಹೆಸರಿಲ್ಲದ ಯಾರು ಯಾರೋ ಅದನ್ನು ಮತ್ತೆ ಬರೆದದ್ದರಿಂದ.

ಅಳಿದವುಗಳ ಪಟ್ಟಿ ದುಃಖ ತರುವಂಥದು. ಕವಿರಾಜಮಾರ್ಗ ತನಗಿಂತ ಹಿಂದಿನ ಗದ್ಯಕಾರರೆಂದು ಹೆಸರಿಸುವ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರಲ್ಲಿ ಒಬ್ಬರ ಕನ್ನಡ ಕೃತಿಯೂ ಸಿಕ್ಕಿಲ್ಲ; ದುರ್ವಿನೀತ ಗಂಗರ ದೊರೆ, ಸಿಂಹಾಸನವೂ ಅವನ ಪುಸ್ತಕವನ್ನು ಕಾಯಲಿಲ್ಲ. ಮೊದಲನೆಯ ಗುಣವರ್ಮನ ಶೂದ್ರಕ, ಹರಿವಂಶಗಳಿಂದ ನಮಗೆ ಉಳಿದಿರುವುದು ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನ ತನ್ನ ಸೂಕ್ತಿಸುಧಾರ್ಣವದಲ್ಲಿ ಎತ್ತಿಟ್ಟುಕೊಂಡ ಪದ್ಯಗಳಂಥ ಚೂರುಗಳು. ರನ್ನನ ಪರಶುರಾಮಚರಿತವೂ ಇಲ್ಲ. ಉಳಿದವು ಧರ್ಮಗ್ರಂಥಗಳು, ಅಳಿದವು ಲೌಕಿಕ ಕಾವ್ಯಗಳು, ಇದರಲ್ಲಿ ಕರ್ತವ್ಯದ ಮಾತೇನು, ನಂಬಿಕೆಯ ಬಲವಲ್ಲವೇ ಎಂದು ಕೇಳಬಹುದು. ಪೂರ್ತಿ ನಿಜವಲ್ಲ. ರನ್ನನ ಗದಾಯುದ್ಧ ಪುರಾಣವಲ್ಲ, ಆದರೂ ಉಳಿಯಿತು, ಏಕೆಂದರೆ ರಸಿಕರೂ ಗುರುಗಳೂ ಅದನ್ನು ಓದುತ್ತ ಓದಿಸುತ್ತ ಬಂದರು. ಓದಿಸುವುದೂ ಪ್ರತಿ ಮಾಡಿಸುವ ಒಂದು ಪದ್ಧತಿ. ಧರ್ಮಗ್ರಂಥಗಳ ವಿಷಯದಲ್ಲೂ ಕೆಲಸ ಮಾಡಿದ್ದು ಬರಿ ನಂಬಿಕೆಯಲ್ಲ, ನಂಬಿಕೆ ಕಟ್ಟಿಕೊಟ್ಟ ನಿಯಮ. ಜೈನರಲ್ಲಿ ಶಾಸ್ತ್ರದಾನ ಅನ್ನದಾನದ ಸಾಲಿನಲ್ಲೇ ನಿಲ್ಲುವ ದಾನ. ನೋಂಪಿ ಹಿಡಿದ ಹೆಣ್ಣುಮಗಳು ಉದ್ಯಾಪನೆಗೆ ಗ್ರಂಥ ಬರೆಸಿ ಮುನಿಗೆ ಒಪ್ಪಿಸುವುದಿತ್ತು. ಜ್ಯೇಷ್ಠ ಶುದ್ಧ ಪಂಚಮಿ, ಅಂದರೆ ಶ್ರುತಪಂಚಮಿಯ ದಿನ ಬಸದಿಯ ಗ್ರಂಥಗಳನ್ನು ಹೊರಗೆ ತೆಗೆದು, ಧೂಳು ಒರೆಸಿ, ಹೊಸ ಬಟ್ಟೆ ಸುತ್ತಿ ಪೂಜಿಸುವ ವಾಡಿಕೆ ಇಂದಿಗೂ ಇದೆ. ಯಾರೋ ಒಬ್ಬ ಉತ್ಸಾಹಿಗೆ ನೆನಪಾದರೆ ಆಯಿತು ಎಂಬಂತೆ ಬಿಡದೆ, ಓಲೆಯ ಕಟ್ಟು ಬಿಚ್ಚಿ ನೋಡುವುದನ್ನು ಪಂಚಾಂಗಕ್ಕೇ ಸೇರಿಸಿದ ಈ ವಿವೇಕದ ಬಗ್ಗೆ ನನಗೆ ಅಪಾರ ಗೌರವ. ಲಿಪಿಕಾರರು ಕೂಡ ಗ್ರಂಥದ ಕೊನೆಗೆ ತಮ್ಮ ತಪ್ಪನ್ನು ತಿದ್ದಿಕೊಳ್ಳಿ ಎಂದೂ, ಎಣ್ಣೆ, ನೀರು, ಸಡಿಲು ಕಟ್ಟುಗಳಿಂದ ಇದನ್ನು ಕಾಪಾಡಿ ಎಂದೂ ಮುಂದಿನವರನ್ನು ಬೇಡಿಕೊಂಡು ಮುಗಿಸುತ್ತಿದ್ದರು.

ಈ ವಾದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಎದುರುಮಾತು ಮೂಡುಬಿದಿರೆಯಿಂದ ಬರುತ್ತದೆ. ಷಟ್‌ಖಂಡಾಗಮದ ಮೇಲೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ, ಅದರ ಜೊತೆಯ ಜಯಧವಲ, ಮಹಾಧವಲಗಳು ದಿಗಂಬರ ಜೈನರ ಪರಮ ಸಿದ್ಧಾಂತಗ್ರಂಥಗಳು. ಪ್ರಾಕೃತ ಸಂಸ್ಕೃತಗಳಲ್ಲಿರುವ ಅವುಗಳ ಹಳೆಯ ತಾಡೋಲೆಗಳು ಹಳಗಾಲದ ಕನ್ನಡ ಲಿಪಿಯಲ್ಲಿ ಮೂಡುಬಿದಿರೆಯ ಬಸದಿಯೊಂದರಲ್ಲೇ ಉಳಿದಿದ್ದವು. ಅವು ಮುಕ್ತವಾಗಿರಲಿಲ್ಲ. ಯಾತ್ರಿಕರು ದೂರದಿಂದ ದರ್ಶನ ಪಡೆದು ಕೈಮುಗಿಯುತ್ತಿದ್ದರೇ ಹೊರತು ಓದಲು ಸಿಗುತ್ತಿರಲಿಲ್ಲ. ಸಾವಿರ ಪ್ರತಿಗಳಿರಲಿ, ಬೇರೆಡೆ ಒಂದೂ ಇಲ್ಲದ ಗ್ರಂಥ ಬೀಗದೊಳಗೇ ಶತಮಾನಗಳನ್ನು ದಾಟಿದರೆ, ಮುಕ್ತತೆಯನ್ನೂ ಪ್ರತಿಗಳನ್ನೂ ಕೊಂಡಾಡುವುದೇಕೆ? ನಾನು ಈ ಮಾತನ್ನು ತಳ್ಳಿಹಾಕುವುದಿಲ್ಲ. ನನ್ನ ವಾದದ ಅರ್ಧವನ್ನು ಅದೇ ಸಾಬೀತು ಮಾಡುತ್ತದೆ. ಮೂಡುಬಿದಿರೆಯಲ್ಲಿ ಕಾಯುವ ಕೈ ಇತ್ತು, ಅದಕ್ಕೇ ಓಲೆ ಉಳಿಯಿತು. ಆ ಓಲೆಗಳಿಗೆ ಜನ್ಮ ಬಂದದ್ದೂ ಪದ್ಧತಿಯಿಂದಲೇ: ಮಹಾಧವಲದ ಪ್ರತಿಯನ್ನು ಮಲ್ಲಿಕಬ್ಬೆ ಎಂಬಾಕೆ ಶ್ರೀಪಂಚಮಿ ನೋಂಪಿಯ ಉದ್ಯಾಪನೆಗಾಗಿ ಬರೆಸಿ ಮಾಘನಂದಿ ಮುನಿಗೆ ಕೊಟ್ಟಳೆಂದು ಅದರ ಪ್ರಶಸ್ತಿ ಹೇಳುತ್ತದೆ. ಆದರೆ ಉಳಿದ ಅರ್ಧವನ್ನೂ ನೋಡಬೇಕು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಆ ಓಲೆಗಳ ಅಂಚುಗಳು ಮುರಿದಿದ್ದವು, ಆ ಲಿಪಿಯನ್ನು ಸಲೀಸಾಗಿ ಓದಬಲ್ಲವರು ವಿರಳವಾಗಿದ್ದರು. ಆಗ ಪ್ರತಿ ಮಾಡುವ ಕೆಲಸ ಶುರುವಾಗಿ ದಶಕಗಳ ಕಾಲ ನಡೆಯಿತು, ಒಂದು ಪ್ರತಿ ಗುಟ್ಟಾಗಿ ಉತ್ತರಕ್ಕೆ ದಾಟಿತು, ಹೀರಾಲಾಲ್ ಜೈನರು 1939ರಿಂದ 1958ರವರೆಗೆ ಧವಲವನ್ನು 16 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಕಾಯುವ ಕೈ ಒಂದೇ ಇದ್ದು ಮುಕ್ತತೆ ಇಲ್ಲದಿದ್ದರೆ ಗ್ರಂಥ ಉಸಿರು ಹಿಡಿದುಕೊಂಡು ಇರುತ್ತದೆ. ಮುಕ್ತತೆ ಇದ್ದು ಕೈ ಇಲ್ಲದಿದ್ದರೆ ಅದೂ ಇಲ್ಲ.

ಸುರೇಬಾನದ ಸೀಮೆಗೆ ಹತ್ತಿರದ ಇನ್ನೊಂದು ಸಾಕ್ಷ್ಯ ವಚನಗಳದು. ವಚನ ಹುಟ್ಟಿನಿಂದಲೇ ಮುಕ್ತ, ಆಡುಮಾತಿನದು, ಯಾವ ಅರಮನೆಯ ಸ್ವತ್ತೂ ಅಲ್ಲ. ಕಲ್ಯಾಣದ ಕ್ರಾಂತಿಯ ನಂತರ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ದಾರಿ ಹಿಡಿದರೆಂಬ ಐತಿಹ್ಯ ಕಾದರವಳ್ಳಿ, ಕಾರಿಮನಿ, ಮುರಗೋಡಿನ ಭಾಗದಲ್ಲಿ ಇಂದಿಗೂ ಬದುಕಿದೆ. ಆದರೆ ಹೊತ್ತುಕೊಂಡು ಹೋದದ್ದರಿಂದ ಮಾತ್ರ ವಚನ ಉಳಿಯಲಿಲ್ಲ. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಆಶ್ರಯದಲ್ಲಿ ವಿರಕ್ತರು ಅವನ್ನು ಹುಡುಕಿ, ಸೇರಿಸಿ, ಹೊಸದಾಗಿ ಬರೆಸಿದರು. ಶೂನ್ಯಸಂಪಾದನೆ ಆ ಕಾಲದ ಫಲ. ಅದಾದ ಮೇಲೆ ಮಠಗಳಲ್ಲೂ ಮನೆಗಳ ಜಗಲಿಯ ಮೇಲೂ ಪೂಜೆಗೊಳ್ಳುತ್ತ ಕಟ್ಟುಗಳು ಮಲಗಿದವು. ವಿಜಾಪುರದ ವಕೀಲ ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಸಿದರು. ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ಶಿವಾನುಭವ ಪತ್ರಿಕೆ. ಮುದ್ರಣಾಲಯಕ್ಕಾಗಿ ಅವರು ತಮ್ಮ ಮನೆಯನ್ನೇ ಮಾರಿದರು. ಇದನ್ನು ತ್ಯಾಗವೆಂದು ನಾವು ಮೆಚ್ಚಿ ಬರೆಯುತ್ತೇವೆ, ಮೆಚ್ಚಬೇಕಾದ್ದೂ ಹೌದು. ಆದರೆ ಒಂದು ಜನಾಂಗದ ಸಾಹಿತ್ಯ ಒಬ್ಬ ವಕೀಲರ ಮನೆಯ ಮಾರಾಟದ ಮೇಲೆ ನಿಂತಿತ್ತು ಎಂಬುದು ಆ ಜನಾಂಗಕ್ಕೆ ಗೌರವದ ಸಂಗತಿಯಲ್ಲ. ಸರ್ಕಾರ 15 ಸಂಪುಟಗಳಲ್ಲಿ ಸಮಗ್ರ ವಚನ ಸಾಹಿತ್ಯವನ್ನು ಹೊರತಂದದ್ದು 1993ರಲ್ಲಿ, ಹಳಕಟ್ಟಿಯವರು ತೀರಿಕೊಂಡು 29 ವರ್ಷವಾದ ಮೇಲೆ.

ಕಂಪ್ಯೂಟರ್ ಬಂದ ಮೇಲೆ ಪ್ರತಿ ಮಾಡುವುದು ಕ್ಷಣದ ಕೆಲಸವಾಯಿತು, ಹಾಗಾಗಿ ಆ ಹಳೆಯ ಚಿಂತೆ ಮುಗಿಯಿತು ಎಂದು ನಂಬಿದವರಿದ್ದಾರೆ. ಕನ್ನಡದ್ದೇ ಅನುಭವ ಬೇರೆ ಹೇಳುತ್ತದೆ. 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಕೆಲವೇ ವರ್ಷದಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ ಬಂದು ಕಚೇರಿ, ಪತ್ರಿಕೆ, ಡಿಟಿಪಿ ಅಂಗಡಿಗಳಲ್ಲೆಲ್ಲ ಕನ್ನಡ ಅಕ್ಷರ ಮೂಡತೊಡಗಿತು. ಆ ಉಪಕಾರ ದೊಡ್ಡದು. ಆದರೆ ಆ ಕಾಲದ ಕಡತಗಳು ಯೂನಿಕೋಡಿನಲ್ಲಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳಲ್ಲಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪುಟದ ತುಂಬ ಅರ್ಥವಿಲ್ಲದ ಚಿಹ್ನೆಗಳು. ಮೂಡುಬಿದಿರೆಯ ಲಿಪಿ ಅಪರಿಚಿತವಾಗಲು ಶತಮಾನಗಳು ಹಿಡಿದವು, ಇಲ್ಲಿ ಇಪ್ಪತ್ತು ವರ್ಷ ಸಾಕಾಯಿತು. ಈ ಕಡತಗಳನ್ನು ಯೂನಿಕೋಡಿಗೆ ಬದಲಾಯಿಸುವ ಮುಕ್ತ ಸಲಕರಣೆಗಳನ್ನು ಕಟ್ಟಿದವರು ಸ್ವಯಂಸೇವಕರು. ಸಂಚಯ ಎಂಬ ತಂಡ ಹಾಗೆ ವಚನಗಳನ್ನು ಯೂನಿಕೋಡಿಗೆ ತಂದು, ಯಾರು ಬೇಕಾದರೂ ಪದ ಹಿಡಿದು ಹುಡುಕುವಂಥ ವಚನ ಸಂಚಯವನ್ನು ಕಟ್ಟಿತು. ಅಲ್ಲೂ ನಡೆದದ್ದು ಹಳಕಟ್ಟಿಯವರ ಕತೆಯೇ. ಕೆಲಸ ಸಾರ್ವಜನಿಕರದು, ಹೊರೆ ಕೆಲವೇ ಜನರ ಬಿಡುವಿನ ವೇಳೆಯದು.

ಮುಕ್ತ ತಂತ್ರಾಂಶದ ಬೆಂಬಲಿಗರು ಇಲ್ಲಿ ನನ್ನನ್ನು ತಡೆದು ಹೇಳುವ ಮಾತಿದೆ. ಆ್ಯಪ್ ಎಲ್ಲಿ ಸತ್ತಿತು? ಕೋಡ್ ಬಯಲಲ್ಲಿತ್ತು, ಅದರಿಂದಲೇ ಮೊದಲೇ ಒಂದು ಕವಲು ಒಡೆದಿತ್ತು, ಸಿಂಕ್‌ಥಿಂಗ್-ಫೋರ್ಕ್ ಎಂಬ ಹೆಸರಿನಲ್ಲಿ. ಮೂಲದ ಆ್ಯಪ್ ನಿಂತಾಗ ಬಳಕೆದಾರರು ಅದಕ್ಕೆ ದಾಟಿಕೊಂಡರು. ಒಂದು ಕಂಪನಿಯ ಮುಚ್ಚಿದ ಆ್ಯಪ್ ನಿಂತಿದ್ದರೆ ಈ ದಾರಿಯೇ ಇರುತ್ತಿರಲಿಲ್ಲ. ಈ ಮಾತು ಸರಿ, ಮುಕ್ತ ಪರವಾನಗಿಯ ದೊಡ್ಡ ಗುಣವೂ ಇದೇ. ಆದರೆ ದಾಟಿಕೊಳ್ಳುವುದು ಎಂದರೇನೆಂದು ನೋಡಿ. ಆಂಡ್ರಾಯ್ಡಿನಲ್ಲಿ ಪ್ರತಿ ಆ್ಯಪಿಗೂ ಅದನ್ನು ಕಟ್ಟಿದವರ ಡಿಜಿಟಲ್ ಮುದ್ರೆ ಇರುತ್ತದೆ. ಬೇರೆಯವರ ಮುದ್ರೆಯ ಆ್ಯಪ್ ಹಳೆಯದರ ಮೇಲೆ ತಾನಾಗಿ ಕೂರುವುದಿಲ್ಲ. ಬಳಕೆದಾರನೇ ಸುದ್ದಿ ತಿಳಿದು, ಹೊಸದನ್ನು ಹುಡುಕಿ, ಹಳೆಯದರ ವ್ಯವಸ್ಥೆಯನ್ನು ಹೊರತೆಗೆದು ಹೊಸದಕ್ಕೆ ಕೊಡಬೇಕು. ತಿಳಿಯದವರು ಹಳೆಯ ಆವೃತ್ತಿಯಲ್ಲೇ ಉಳಿದು, ದೋಷಗಳ ತಿದ್ದುಪಡಿ ಸಿಗದೆ, ಒಂದು ದಿನ ಅದು ಕೆಲಸ ನಿಲ್ಲಿಸಿದಾಗ ಎಚ್ಚರಗೊಳ್ಳುತ್ತಾರೆ. ಇನ್ನು ಆ ಕವಲಿಗೂ ಮತ್ತೆ ಒಬ್ಬರದೇ ಕೈ. 2025ರ ಕೊನೆಗೆ ಆ ಕವಲಿನ ಕೋಡಿನ ಭಂಡಾರ ಇದ್ದ ಜಾಗದಿಂದ ಏಕಾಏಕಿ ಕಾಣೆಯಾಯಿತು, ಬಳಿಕ ಬೇರೊಬ್ಬರು ಅದನ್ನು ನಡೆಸಲು ಮುಂದೆ ಬಂದರು. ಫೋನಿನ ಎಲ್ಲ ಕಡತಗಳನ್ನೂ ಮುಟ್ಟುವ ಆ್ಯಪ್ ಹೀಗೆ ಕೈ ಬದಲಾಯಿಸಿದರೆ ನಂಬುವುದು ಹೇಗೆ ಎಂದು ಬಳಕೆದಾರರು ಕೇಳಿದ್ದು ಸಹಜ. 2024ರ ಮಾರ್ಚಿನಲ್ಲಿ ಬಯಲಾದ ಎಕ್ಸ್‌ಜೆಡ್ ಪ್ರಕರಣ ಎಲ್ಲರ ನೆನಪಿನಲ್ಲಿತ್ತು. ಜಗತ್ತಿನ ಲೆಕ್ಕವಿಲ್ಲದ ಸರ್ವರುಗಳಲ್ಲಿ ಕೂತಿದ್ದ ಆ ಪುಟ್ಟ ತಂತ್ರಾಂಶವನ್ನು ದಣಿದ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಸಹಾಯಕನಾಗಿ ಬಂದವನೊಬ್ಬ ಎರಡು ವರ್ಷ ನಂಬಿಕೆ ಗಳಿಸಿ, ಕೊನೆಗೆ ಅದರೊಳಗೆ ಕಳ್ಳಬಾಗಿಲು ಇಟ್ಟಿದ್ದ. ಕವಲು ಒಡೆಯುವ ಹಕ್ಕು ಈ ಅಪಾಯಕ್ಕೆ ಉತ್ತರವಲ್ಲ.

ಎರಡನೆಯ ಆಕ್ಷೇಪ ಇನ್ನೂ ನೇರವಾದದ್ದು. ಇಷ್ಟೆಲ್ಲ ಕಷ್ಟ ಯಾಕೆ, ಕಂಪನಿಗಳ ಕ್ಲೌಡ್ ಇದೆಯಲ್ಲ; ಅಲ್ಲಿ ಸಂಬಳ ಪಡೆಯುವ ಸಾವಿರಾರು ಕೈಗಳಿವೆ, ನಿಮ್ಮ ವಾದದ ಪ್ರಕಾರವೇ ಅದಲ್ಲವೇ ಗಟ್ಟಿ? ಸಂಬಳದ ಬಲವನ್ನು ನಾನು ಅಲ್ಲಗಳೆಯಲಾರೆ. ರಟ್ಟರ ಆಸ್ಥಾನವೂ ಅಂಥ ಬಲವೇ ಆಗಿತ್ತು, ಅದಿಲ್ಲದೆ ಪಾರ್ಶ್ವಪಂಡಿತನಿಲ್ಲ. ಆದರೆ ಹದಿಮೂರನೆಯ ಶತಮಾನದ ನಡುವಿನ ಹೊತ್ತಿಗೆ ಸೇವುಣರ ಕೈಗೆ ಆ ರಾಜ್ಯ ಹೋಯಿತು. ಅವನ ಪುರಾಣ ಉಳಿದದ್ದು ಆಸ್ಥಾನದ ಹೊರಗೂ ಅದನ್ನು ಬರೆದಿಟ್ಟುಕೊಂಡವರಿದ್ದುದರಿಂದ. ಕಂಪನಿಯ ಆಶ್ರಯವೂ ಲಾಭ ಇರುವ ತನಕ. ಗೂಗಲ್ 2013ರಲ್ಲಿ ರೀಡರನ್ನು ಮುಚ್ಚಿತು, 2014ರಲ್ಲಿ ಆರ್ಕುಟನ್ನು ಮುಚ್ಚಿತು. ಫೋಟೋಗಳಿಗೆ ಮಿತಿಯಿಲ್ಲದೆ ಕೊಟ್ಟಿದ್ದ ಉಚಿತ ಜಾಗವನ್ನು 2021ರ ಜೂನ್ 1ರಿಂದ ನಿಲ್ಲಿಸಿತು. ಆರ್ಕುಟಿನ ಕನ್ನಡ ಬಳಗಗಳಲ್ಲಿ ಒಂದು ತಲೆಮಾರು ಆಡಿದ ಮಾತೆಲ್ಲ ಅದನ್ನು ಮುಚ್ಚಿದ ನಿರ್ಧಾರದ ಹಿಂದೆ ಹೋಯಿತು. ಅಲ್ಲಿನ ಕೈಗಳು ದುಡಿಯುವುದು ಕಂಪನಿಗೆ. ನಿಮ್ಮ ಕಡತ ಅವರ ಕೆಲಸದ ಕಾರಣವಲ್ಲ, ಸಾಮಗ್ರಿ.

ಊರ ಜನರಿಗೆ ಇದರಿಂದೇನು ಎಂಬ ಪ್ರಶ್ನೆಯೂ ಇದೆ. ಸುರೇಬಾನದಲ್ಲಿ ಫೋನಿನಿಂದ ಫೋನಿಗೆ ಚಿತ್ರ ಹೋಗಬೇಕಾದರೆ ವಾಟ್ಸ್ಯಾಪ್ ಇದೆ, ಸಿಂಕ್‌ಥಿಂಗಿನ ಹೆಸರು ಕೇಳಿದವರೆಷ್ಟು ಎನ್ನಬಹುದು. ಕೇಳಿದವರು ಕಡಿಮೆಯೇ ಇರಲಿ. ಆದರೆ ಇಂದು ಹಳ್ಳಿಯ ಮನೆಯೊಂದರ ಕಾಗದಪತ್ರವೆಲ್ಲ ಫೋನಿನೊಳಗೆ ಸೇರಿದೆ: ಹೊಲದ ಉತಾರದ ಫೋಟೊ, ಮಕ್ಕಳ ಅಂಕಪಟ್ಟಿ, ಸೀರೆಯ ವಿನ್ಯಾಸ, ತೀರಿಕೊಂಡ ಅಜ್ಜಿ ಹಾಡಿದ ಸೋಬಾನೆ, ಮಠದ ಪ್ರವಚನದ ಧ್ವನಿ. ಹಿಂದೆ ಕಬ್ಬಿಣದ ಟ್ರಂಕಿನಲ್ಲಿ ಇರುತ್ತಿದ್ದ ಮನೆತನದ ನೆನಪು ಈಗ ಕೆಳಗೆ ಬಿದ್ದರೆ ಒಡೆಯುವ ಗಾಜಿನ ಹಿಂದಿದೆ. ವಾಟ್ಸ್ಯಾಪ್ ಸಾಮಾನ್ಯವಾಗಿ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ. ಅದು ಸುದ್ದಿಯ ಸಾಧನ, ಸಂಗ್ರಹದ್ದಲ್ಲ. ಸಿಂಕ್‌ಥಿಂಗೂ ಅದೊಂದೇ ಸಾಲದು, ಯಾಕೆಂದರೆ ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಯುತ್ತದೆ; ಲಿಪಿಕಾರನ ತಪ್ಪು ಪ್ರತಿಯಿಂದ ಪ್ರತಿಗೆ ಇಳಿದ ಹಾಗೆ. ಬೇರೆ ನಕಲು ಇಟ್ಟುಕೊಳ್ಳಲೇಬೇಕು. ಆದರೂ ಯಾರಿಗೂ ಬಾಡಿಗೆ ಕಟ್ಟದೆ, ಯಾರ ಉಗ್ರಾಣಕ್ಕೂ ಒಪ್ಪಿಸದೆ, ಮನೆಯ ಹಳೆಯ ಕಂಪ್ಯೂಟರಿಗೆ ಫೋನಿನ ಪ್ರತಿ ತಾನಾಗಿ ಇಳಿಯುವಂತೆ ಮಾಡುವ ಅನುಕೂಲ ಬಡವರಿಗೇ ಹೆಚ್ಚು ಬೇಕಾದದ್ದು. ತಿಳಿದವರ ಕೈಯಲ್ಲೇ ಅದು ಉಳಿಯದಿದ್ದರೆ ತಿಳಿಯದವರ ತನಕ ತಲುಪುವ ಮಾತೇ ಇಲ್ಲ.

ಮುಂದಿನ ದಾರಿ ಇನ್ನೂ ಕಿರಿದಾಗಲಿದೆ. 2025ರ ಆಗಸ್ಟಿನಲ್ಲಿ ಗೂಗಲ್ ಹೊಸ ನಿಯಮವೊಂದನ್ನು ಸಾರಿತು: ಪ್ಲೇ ಸ್ಟೋರಿನ ಹೊರಗಿನಿಂದ ಹಾಕಿಕೊಳ್ಳುವ ಆ್ಯಪುಗಳ ಕರ್ತೃಗಳೂ ತಮ್ಮ ಗುರುತನ್ನು ಗೂಗಲ್‌ನಲ್ಲಿ ದಾಖಲಿಸಬೇಕು; 2026ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡುಗಳಲ್ಲಿ, 2027ರಿಂದ ಉಳಿದೆಡೆ. 2010ರಿಂದ ಮುಕ್ತ ಆ್ಯಪುಗಳನ್ನು ಮೂಲ ಕೋಡಿನಿಂದ ತಾನೇ ಕಟ್ಟಿ ಹಂಚುತ್ತ ಬಂದಿರುವ ಎಫ್-ಡ್ರಾಯ್ಡ್ ಇದನ್ನು ಬಲವಾಗಿ ವಿರೋಧಿಸಿತು. ಅನುಭವಿಗಳಿಗೆ ಬೇರೆ ದಾರಿ ಇಡುವುದಾಗಿ ಗೂಗಲ್ ಆಮೇಲೆ ಹೇಳಿದೆ. ನಿಯಮ ಸಡಿಲವಾದರೂ ಬಿಗಿಯಾದರೂ, ಪ್ರತಿ ಸಲ ಅದಕ್ಕೆ ತಕ್ಕಂತೆ ಆ್ಯಪನ್ನು ತಿದ್ದುವವರು ಯಾರು ಎಂಬುದೇ ಉಳಿಯುವ ಪ್ರಶ್ನೆ. ಕೋಡ್ ಬರೆಯಲು ಬರುವವರು ಮಾತ್ರ ಎಂದು ಉತ್ತರಿಸಿದರೆ ಅತ್ತಿಮಬ್ಬೆಯನ್ನು ಮರೆತಂತೆ. ಇಂಥ ತಂತ್ರಾಂಶದ ಪರದೆಯ ಮಾತುಗಳನ್ನು ಕನ್ನಡಕ್ಕೆ ತರುವುದು, ಹೊಸ ಆವೃತ್ತಿಯನ್ನು ಅಗ್ಗದ ಫೋನುಗಳಲ್ಲಿ ಪರೀಕ್ಷಿಸಿ ದೋಷ ತಿಳಿಸುವುದು, ಬಳಸುವ ವಿಧಾನವನ್ನು ಕನ್ನಡದಲ್ಲಿ ಬರೆದಿಡುವುದು, ವರ್ಷಕ್ಕೊಮ್ಮೆ ಒಂದು ಸೀರೆಯ ಬೆಲೆಯಷ್ಟನ್ನು ಕರ್ತೃಗಳಿಗೆ ಕಳಿಸುವುದು, ಇವು ಓದುಬರಹ ಬಲ್ಲ ಯಾರಿಗಾದರೂ ಸಾಧ್ಯ. ಕಾಲೇಜುಗಳಿಗೂ ವಿಶ್ವವಿದ್ಯಾಲಯಗಳಿಗೂ ಇದಕ್ಕಿಂತ ಹೆಚ್ಚಿನದು ಸಾಧ್ಯ. ಮುಂಬಯಿ ಸರ್ಕಾರ 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ತೆರೆದಾಗ ಶಾಸನ ಹುಡುಕುವುದು, ಓಲೆ ಕೂಡಿಸುವುದು ಸಂಬಳದ ಹುದ್ದೆಯಾಯಿತು. ಹಳಕಟ್ಟಿಯವರಂತೆ ಮನೆ ಮಾರಬೇಕಾದ ಅಗತ್ಯ ಆ ಹುದ್ದೆಯಲ್ಲಿದ್ದವರಿಗೆ ಬೀಳಲಿಲ್ಲ. ಕನ್ನಡಿಗರು ದಿನವೂ ನೆಚ್ಚಿಕೊಂಡಿರುವ ಮುಕ್ತ ಸಲಕರಣೆಗಳಿಗೆ, ಆ ಫಾಂಟ್ ಪರಿವರ್ತಕಗಳಿಂದ ಹಿಡಿದು ಇಂಥ ಕಡತದ ಆ್ಯಪಿನವರೆಗೆ, ಅಂಥದೊಂದು ಹುದ್ದೆ ಕರ್ನಾಟಕದ ಯಾವುದಾದರೂ ಒಂದು ಸಂಸ್ಥೆಯಲ್ಲಿ ಮೊದಲು ಸೃಷ್ಟಿಯಾಗಬೇಕು. ಮಂಜೂರಾತಿಗೆ ಬೇಕಾದದ್ದು ಒಂದು ಕೋಣೆ, ಇಬ್ಬರ ಸಂಬಳ, ಮತ್ತು ಒಬ್ಬರು ಬಿಟ್ಟರೆ ಇನ್ನೊಬ್ಬರನ್ನು ನೇಮಿಸಲೇಬೇಕೆಂಬ ಒಂದು ಸಾಲು.